ಬೀಜದಿಂದ ಎಡೆಲ್‌ವೈಸ್: ಬೆಟ್ಟದ ಹೂವು ಬೆಟ್ಟದಲ್ಲೇ ಉಳಿಯಲಿ

ಸ್ವಿಟ್ಜರ್‌ಲೆಂಡ್ ಪ್ರವಾಸಕ್ಕೆ ಹೋದ ಮುಂಬಯಿ, ಪುಣೆಯ ಕನ್ನಡಿಗರಿಗೆ ಅಲ್ಲಿನ ಅಂಗಡಿಗಳಲ್ಲಿ ನಕ್ಷತ್ರದಾಕಾರದ ಬಿಳಿ ಹೂವಿನ ಚಿತ್ರ ಎದುರಾಗುವುದುಂಟು. ಅದೇ ಎಡೆಲ್‌ವೈಸ್. ಜರ್ಮನ್ ಭಾಷೆಯಲ್ಲಿ 'ಉದಾತ್ತ ಬಿಳುಪು' ಎಂದರ್ಥ. ಆಸ್ಟ್ರಿಯದ ಎರಡು ಸೆಂಟಿನ ಯೂರೋ ನಾಣ್ಯದ ಮೇಲೂ ಇದೇ ಹೂವಿದೆ.

ಆಲ್ಪ್ಸ್ ಪರ್ವತದ ಸುಮಾರು 1,800ರಿಂದ 3,000 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆಗಳು ಇದರ ತವರು. ಎಸಳಿನಂತೆ ಕಾಣುವುದು ಎಸಳಲ್ಲ, ನವಿರು ರೋಮ ತುಂಬಿದ ಎಲೆಗಳು. ನಿಜವಾದ ಹೂಗಳು ನಡುವಿನ ಪುಟ್ಟ ಹಳದಿ ಗುಚ್ಛದಲ್ಲಿರುತ್ತವೆ. ಎತ್ತರದ ತೀಕ್ಷ್ಣ ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ ಗಿಡವನ್ನು ಕಾಪಾಡುವುದು ಈ ರೋಮವೇ.

ಕಡಿದಾದ ಬಂಡೆಯೇರಿ ತಂದ ಹೂವು ಪ್ರೀತಿ, ಸಾಹಸಗಳ ಗುರುತೆನಿಸಿತ್ತು. 19ನೇ ಶತಮಾನದಲ್ಲಿ ಪ್ರವಾಸಿಗರು ಹೆಚ್ಚಿದಂತೆ ಕೀಳುವವರೂ ಹೆಚ್ಚಿದರು. ಹೂವು ವಿರಳವಾಗತೊಡಗಿದಾಗ 1878ರಲ್ಲಿ ಸ್ವಿಟ್ಜರ್‌ಲೆಂಡಿನ ಒಬ್ವಾಲ್ಡೆನ್ ಪ್ರಾಂತ ಅದರ ರಕ್ಷಣೆಗೆ ಕಾನೂನು ತಂದಿತು.

ಬೆಟ್ಟದ ಗಿಡ ಮುಟ್ಟದೆ ಹೂವು ಕಾಣಲು ಇರುವ ದಾರಿ ಬೀಜ. ಅಲ್ಲಿನ ಮನೆತೋಟಗಳಲ್ಲಿ ಹೀಗೆ ಬೆಳೆಸುತ್ತಾರೆ: ಬೀಜ ಸಾಸಿವೆಗಿಂತಲೂ ಸಣ್ಣದು. ಮೊಳೆಯಲು ಬೆಳಕು ಬೇಕಾದ್ದರಿಂದ ತೇವದ ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಬೇಕು, ಮಣ್ಣು ಮುಚ್ಚಬಾರದು. ಕುಂಡವನ್ನು ಚಳಿಗಾಲದಲ್ಲಿ ಹೊರಗಿಡಬೇಕು, ಇಲ್ಲವೇ ಕೆಲವು ವಾರ ಫ್ರಿಜ್‌ನಲ್ಲಿಡಬೇಕು. ಚಳಿ ಉಂಡ ಬೀಜ ಚೆನ್ನಾಗಿ ಮೊಳೆಯುತ್ತದೆ. ಅನಂತರ ಸಸಿಗಳನ್ನು ಸಣ್ಣ ಜಲ್ಲಿ, ಮರಳು ಬೆರೆಸಿದ, ನೀರು ನಿಲ್ಲದ ಮಣ್ಣಿಗೆ ಬದಲಿಸಿ ಬಿಸಿಲಿನಲ್ಲಿಡಬೇಕು. ಸಾಮಾನ್ಯವಾಗಿ ಎರಡನೇ ವರ್ಷ ಹೂ ಬಿಡುತ್ತದೆ. ಗೊಬ್ಬರ ಹೆಚ್ಚಾದರೆ ಗಿಡ ಸೊಕ್ಕಿ ಉದ್ದವಾಗುತ್ತದೆ, ಬಿಳುಪು ಕುಂದುತ್ತದೆ. ಬೇರಿನಲ್ಲಿ ನೀರು ನಿಂತರೆ ಕೊಳೆತು ಸಾಯುತ್ತದೆ. ಆಯುಷ್ಯ ಕೆಲವೇ ವರ್ಷ. ಆದ್ದರಿಂದ ಆಗಾಗ ಹೊಸ ಬೀಜ ಬಿತ್ತಬೇಕು.

ಮುಂಬಯಿ, ಚೆನ್ನೈಯ ಸೆಕೆ ಮತ್ತು ಮಳೆಗೆ ಈ ಗಿಡ ಒಗ್ಗುವುದಿಲ್ಲ. ಪ್ರವಾಸದ ನೆನಪಿಗೆಂದು ಬೀಜದ ಪೊಟ್ಟಣ ತರುವವರು ಇನ್ನೊಂದು ವಿಷಯ ಗಮನಿಸಬೇಕು. 2003ರ ಸಸ್ಯ ಸಂಗರೋಧ ಆದೇಶದಂತೆ ವಿದೇಶದಿಂದ ಬಿತ್ತನೆ ಬೀಜ ತರಲು ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಹಾಗೆಂದು ನಿರಾಶರಾಗಬೇಕಿಲ್ಲ. ಎಡೆಲ್‌ವೈಸ್ ಕುಲದ ಬಹುತೇಕ ಪ್ರಭೇದಗಳ ನೆಲೆ ಏಷ್ಯಾ. ಅವುಗಳಲ್ಲಿ ಕೆಲವು ನಮ್ಮ ಹಿಮಾಲಯದಲ್ಲೇ ಅರಳುತ್ತವೆ. ಬೇಸಿಗೆ, ಮಳೆಗಾಲದಲ್ಲಿ ಅಲ್ಲಿಗೆ ಚಾರಣ ಹೋಗುವ ಸಂಘದ ಸದಸ್ಯರು ಬಂಡೆಯ ಬದಿಯಲ್ಲಿ ಬೂದುಬಿಳಿಯ ರೋಮದ ಹೂವು ಕಂಡರೆ ಚಿತ್ರ ತೆಗೆದುಕೊಳ್ಳಲಿ, ಕೀಳದಿರಲಿ. ಮುಂದಿನ ವರ್ಷದ ಬೀಜ ಅದರೊಳಗೇ ಇರುತ್ತದೆ.