ಹೊಸ ಕಂಪ್ಯೂಟರ್‌ಗೆ ಹಳೆ ಪ್ರಿಂಟರ್ ಜೋಡಿಸುವುದು ಹೇಗೆ? ಪ್ಯಾರಲಲ್, ಸೀರಿಯಲ್ ಪೋರ್ಟ್‌ಗಳ ಪೂರ್ಣ ಮಾಹಿತಿ ಇಲ್ಲಿದೆ

ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಆದರೆ ವರ್ಷಗಳಿಂದ ಬಿಲ್ ಹೊಡೆಯುತ್ತಿರುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಕೇಬಲ್ ಸಿಕ್ಕಿಸಲು ಅದರಲ್ಲಿ ಜಾಗವೇ ಇಲ್ಲ! ಔಷಧ ಅಂಗಡಿ, ಟ್ರಾನ್ಸ್‌ಪೋರ್ಟ್ ಕಚೇರಿ, ಗೋದಾಮುಗಳಲ್ಲಿ ಇದು ಸಾಮಾನ್ಯ ತಲೆನೋವು. ಕಾರ್ಬನ್ ಪ್ರತಿ ಬೇಕಿದ್ದರೆ ಪಿನ್ ಬಡಿಯುವ ಪ್ರಿಂಟರೇ ಆಗಬೇಕು. ಇಂಕ್‌ಜೆಟ್, ಲೇಸರ್‌ಗಳಿಂದ ಆ ಕೆಲಸ ಆಗದು. ಹಾಗಾಗಿ ಪ್ರಿಂಟರ್ ಗುಜರಿಗೆ ಹಾಕುವ ಮುನ್ನ ಇದನ್ನು ಓದಿ.

ಪ್ಯಾರಲಲ್: ಎಂಟು ಬಿಟ್ ಒಟ್ಟಿಗೆ

ಇಂಗ್ಲಿಷಿನ ಒಂದು ಅಕ್ಷರಕ್ಕೆ ಎಂಟು ಬಿಟ್. ಪ್ಯಾರಲಲ್ ಕೇಬಲ್‌ನಲ್ಲಿ ಎಂಟು ತಂತಿಗಳ ಮೇಲೆ ಎಂಟೂ ಬಿಟ್ ಒಮ್ಮೆಲೇ ಸಾಗುತ್ತವೆ. ಡೇಟಾ ಸಿದ್ಧ ಎಂದು ಕಂಪ್ಯೂಟರ್ 'ಸ್ಟ್ರೋಬ್' ತಂತಿಯಲ್ಲಿ ಸಂಕೇತ ಕೊಡುತ್ತದೆ. ಪ್ರಿಂಟರ್‌ಗೆ ಬಿಡುವಿಲ್ಲದಿದ್ದರೆ 'ಬ್ಯುಸಿ' ತಂತಿಯಲ್ಲಿ ತಡೆಯುತ್ತದೆ. ಪ್ರಿಂಟರ್ ಕಡೆಯ 36 ಪಿನ್‌ನ ಕನೆಕ್ಟರ್‌ಗೆ ಸೆಂಟ್ರಾನಿಕ್ಸ್ ಎಂಬ ಹೆಸರು 1970ರ ದಶಕದ ಪ್ರಿಂಟರ್ ಕಂಪನಿಯಿಂದ ಬಂದಿದೆ. ಕಂಪ್ಯೂಟರ್ ಕಡೆ 25 ರಂಧ್ರಗಳ ಪೋರ್ಟ್ ಬಂದಿದ್ದು 1981ರ ಐಬಿಎಂ ಪಿಸಿಯಿಂದ. ವಿಂಡೋಸ್‌ನಲ್ಲಿ ಇದರ ಹೆಸರು ಎಲ್‌ಪಿಟಿ1. ಸಾಧಾರಣ ಕೇಬಲ್ ಎರಡು-ಮೂರು ಮೀಟರ್ ಮೀರದಿದ್ದರೆ ಒಳ್ಳೆಯದು.

ಸೀರಿಯಲ್: ಒಂದರ ಹಿಂದೆ ಒಂದು

ಇಲ್ಲಿ ಬಿಟ್‌ಗಳು ಒಂದೇ ತಂತಿಯಲ್ಲಿ ಸಾಲಾಗಿ ಹೋಗುತ್ತವೆ. ವೇಗ ಕಡಿಮೆ, ಆದರೆ ಕೇಬಲ್ ಸುಮಾರು 15 ಮೀಟರ್‌ವರೆಗೂ ಇರಬಹುದು. 9600 ವೇಗ, ಎಂಟು ಡೇಟಾ ಬಿಟ್, ಜೊತೆಗೆ ಒಂದು ಸ್ಟಾರ್ಟ್, ಒಂದು ಸ್ಟಾಪ್ ಬಿಟ್ ಎಂದರೆ ಸೆಕೆಂಡಿಗೆ 960 ಅಕ್ಷರ. ವೇಗ, ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್ ನಾಲ್ಕೂ ಕಂಪ್ಯೂಟರ್ ಮತ್ತು ಪ್ರಿಂಟರ್ ಎರಡರಲ್ಲೂ ಒಂದೇ ಇರಬೇಕು. ಕಂಪ್ಯೂಟರ್‌ನಲ್ಲಿ ಕಾಮ್ ಪೋರ್ಟ್ ಸೆಟ್ಟಿಂಗ್‌ನಲ್ಲಿ, ಪ್ರಿಂಟರ್‌ನಲ್ಲಿ ಪುಟ್ಟ ಸ್ವಿಚ್‌ಗಳು ಅಥವಾ ಮೆನು ಮೂಲಕ ಇವನ್ನು ಹೊಂದಿಸಬೇಕು.

ಜೋಡಿಸುವ ಕ್ರಮ

* ಮೊದಲು ಎರಡನ್ನೂ ಆಫ್ ಮಾಡಿ. ಇವು ಯುಎಸ್‌ಬಿಯಂತೆ ಚಾಲೂ ಇರುವಾಗಲೇ ಸಿಕ್ಕಿಸುವ ಪೋರ್ಟ್‌ಗಳಲ್ಲ.

* 25 ಪಿನ್ ಕಂಡ ತಕ್ಷಣ ಪ್ಯಾರಲಲ್ ಎಂದುಕೊಳ್ಳಬೇಡಿ. ಹಳೆಯ ಸೀರಿಯಲ್ ಪೋರ್ಟ್‌ಗೂ 25 ಪಿನ್ ಇರುತ್ತದೆ. ಸೀರಿಯಲ್ ತಂತಿಯಲ್ಲಿ 15 ವೋಲ್ಟ್‌ವರೆಗೂ ಇರಬಹುದು; ಪ್ಯಾರಲಲ್ ಪೋರ್ಟ್ 5 ವೋಲ್ಟ್‌ನದು. ತಪ್ಪಾಗಿ ಜೋಡಿಸಿದರೆ ಪೋರ್ಟ್ ಸುಟ್ಟೀತು.

* ಅನೇಕ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳಲ್ಲಿ ಲೈನ್ ಫೀಡ್ ಬಟನ್ ಒತ್ತಿಕೊಂಡೇ ಆನ್ ಮಾಡಿದರೆ ಪರೀಕ್ಷಾ ಪುಟ ಬರುತ್ತದೆ. ಅದು ಸರಿಯಾಗಿ ಬಂದರೆ ದೋಷ ಪ್ರಿಂಟರ್‌ನದಲ್ಲ, ಸಂಪರ್ಕದ್ದು.

* ಸೀರಿಯಲ್‌ನಲ್ಲಿ ಅರ್ಥವಿಲ್ಲದ ಚಿಹ್ನೆ ಬಂದರೆ ವೇಗ ಹೊಂದಿಲ್ಲ ಎಂದರ್ಥ. ಆರಂಭ ಸರಿಯಿದ್ದು ನಡುವೆ ಅಕ್ಷರ ಮಾಯವಾದರೆ 'ಹ್ಯಾಂಡ್‌ಶೇಕ್' ಸೆಟ್ಟಿಂಗ್ ನೋಡಿ. ಏನೂ ಬರದಿದ್ದರೆ ಕೇಬಲ್ ನೇರವೋ, ತಂತಿ ಅದಲುಬದಲಾದದ್ದೋ ಎಂದು ಪರೀಕ್ಷಿಸಿ.

ಪೋರ್ಟ್ ಇಲ್ಲದಿದ್ದರೆ?

ಡೆಸ್ಕ್‌ಟಾಪ್ ಆದರೆ ಒಳಗೆ ಪ್ಯಾರಲಲ್ ಪೋರ್ಟ್ ಕಾರ್ಡ್ ಹಾಕಿಸಬಹುದು. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಕೇಬಲ್ ಸಿಗುತ್ತದೆ. ಆದರೆ ಸಾಮಾನ್ಯವಾಗಿ ಈ ಕೇಬಲ್ ಎಲ್‌ಪಿಟಿ1 ಅನ್ನು ಸೃಷ್ಟಿಸುವುದಿಲ್ಲ. ವಿಂಡೋಸ್ ಅದನ್ನು ಯುಎಸ್‌ಬಿ ಪ್ರಿಂಟರ್ ಎಂದೇ ನೋಡುತ್ತದೆ. ಹಳೆಯ ಡಾಸ್ ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್‌ಪಿಟಿ1 ಅನ್ನೇ ಹುಡುಕಿ, ಸಿಗದೆ ನಿಂತುಬಿಡುತ್ತದೆ. ಆಗ ಪ್ರಿಂಟರ್ ಅನ್ನು ವಿಂಡೋಸ್‌ನಲ್ಲಿ ಶೇರ್ ಮಾಡಿ, ಆ ಶೇರ್‌ಗೆ ಎಲ್‌ಪಿಟಿ1 ಹೆಸರನ್ನು ಜೋಡಿಸಬೇಕು. ಆದ್ದರಿಂದ ಕೇಬಲ್ ಕೊಳ್ಳುವ ಮುನ್ನ ನಿಮ್ಮ ಸಾಫ್ಟ್‌ವೇರ್ ಯಾವ ಪೋರ್ಟ್ ಕೇಳುತ್ತದೆ ಎಂದು ಮೊದಲು ನೋಡಿಕೊಳ್ಳಿ.