ಹೋಟ್ಲು ಹುಡುಕುವ ವಿದ್ಯೆ

ಕಾಲೇಜು ಶುರುವಾಗುವ ಮಳೆಗಾಲದ ದಿನಗಳು. ಸಿದ್ದಾಪುರ, ಶಿರಸಿ ಕಡೆಯಿಂದ ಘಟ್ಟ ಇಳಿದು ಬಂದ ಹುಡುಗನೊಬ್ಬ ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಇಳಿಸಿಕೊಂಡು ನಿಂತಿರುತ್ತಾನೆ. ಜತೆಗೆ ಅಪ್ಪ. ಫೀ ತುಂಬಿ ಆಗಿದೆ, ರೂಮು ಗೊತ್ತಾಗಿದೆ. ಉಳಿದಿರುವುದು ಊಟದ ಚಿಂತೆ. ‘ಹೊರಗೆ ಹಾಳುಮೂಳು ತಿನ್ನಬೇಡ’ ಎಂದು ಅಮ್ಮ ಮನೆಯ ಮೆಟ್ಟಿಲಲ್ಲೇ ಹೇಳಿ ಕಳಿಸಿದ್ದಾಳೆ. ಅಪ್ಪ ಬೇರೇನೂ ತೋಚದೆ ಹತ್ತಿರದ ಹೋಟೆಲಿಗೆ ಕರೆದೊಯ್ಯುತ್ತಾರೆ. ಬನ್ಸು ತಿಂದು, ಕಷಾಯ ಕುಡಿದು ಏಳುವಾಗ ಗಲ್ಲೆಯ ಮೇಲೆ ಕುಳಿತವರಿಗೆ ಒಂದು ಮಾತು ಹೇಳುತ್ತಾರೆ: ‘ನಮ್ಮನೆ ಮಾಣಿ ಇಲ್ಲೇ ಕಾಲೇಜಿಗೆ ಸೇರಿದ್ದ. ಸ್ವಲ್ಪ ನೋಡ್ಕಳಿ.’

ಗಲ್ಲೆಯವರು ತಲೆಯಾಡಿಸುತ್ತಾರೆ. ಅಲ್ಲಿಗೆ ಒಂದು ಕರಾರು ಆದ ಹಾಗೆಯೇ. ಕಾಗದವಿಲ್ಲ, ರುಜುವಿಲ್ಲ!

ಹೊಸ ಊರಿನ ನಕ್ಷೆಯನ್ನು ವಿದ್ಯಾರ್ಥಿಗಳು ಬರೆದುಕೊಳ್ಳುವುದು ಹೋಟೆಲುಗಳನ್ನು ಗುರುತಾಗಿಟ್ಟುಕೊಂಡೇ. ಮೊದಲು ಹತ್ತಿರದ್ದು, ಆಮೇಲೆ ಅಗ್ಗದ್ದು, ಕೊನೆಗೆ ರುಚಿಯದ್ದು. ಈ ಮೂರನೆಯದನ್ನು ಪತ್ತೆಹಚ್ಚುವಷ್ಟರಲ್ಲಿ ಮೊದಲ ಸೆಮಿಸ್ಟರ್ ಮುಗಿದಿರುತ್ತದೆ. ಇದೇನೂ ಹೊಸ ಕಥೆಯಲ್ಲ. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ವೆಂಕಟರಮಣ ಉರಾಳರು ಆರಂಭಿಸಿದ ಪುಟ್ಟ ಹೋಟೆಲಿಗೆ ಆಸುಪಾಸಿನ ವಿದ್ಯಾರ್ಥಿಗಳೇ ಗಿರಾಕಿಗಳು. ‘ವಿದ್ಯಾರ್ಥಿ ಭವನ’ ಎಂಬ ಹೆಸರಿನಲ್ಲಿ ಆ ಗುರುತು ಇಂದಿಗೂ ಉಳಿದಿದೆ. ದೊಡ್ಡ ಪಟ್ಟಣದಲ್ಲಿ ಅಂಥ ಒಂದು ಮೂಲೆಯನ್ನು ಹುಡುಕಿಕೊಳ್ಳಲು ಬರುವವರು ಆ ವಿದ್ಯೆಯನ್ನು ಕಲಿತದ್ದು ಬಹುಪಾಲು ಇಂಥ ಸಣ್ಣ ಊರುಗಳಲ್ಲಿ. ಉತ್ತರ ಕನ್ನಡದ ಕರಾವಳಿಯಲ್ಲಿ ಅರವತ್ತು ಕಿಲೋಮೀಟರಿನೊಳಗೆ ಒಂದರ ಹಿಂದೊಂದು ಸಿಗುವ ಕುಮಟಾ, ಹೊನ್ನಾವರ, ಭಟ್ಕಳಗಳು ಆ ಕಲಿಕೆಗೆ ಹೇಳಿ ಮಾಡಿಸಿದ ಪಾಠಶಾಲೆಗಳು. ಒಂದೂರಿನ ನಾಲಿಗೆ ಇನ್ನೊಂದೂರಿನದಲ್ಲ.

ಚಾ ಹೊತ್ತಿನ ಕುಮಟೆ

ಕುಮಟೆಯ ಹಳೆಯ ಹೋಟೆಲುಗಳು ಬೆಳಿಗ್ಗೆ ಬೇಗ ಎದ್ದು ಮಧ್ಯಾಹ್ನ ಆಕಳಿಸಿ ಸಂಜೆ ಮತ್ತೆ ಚುರುಕಾಗುವಂಥವು. ಬಾಳೆಹಣ್ಣು ಕಲಸಿ ರಾತ್ರಿಯಿಡೀ ನೆನೆಯಲು ಬಿಟ್ಟ ಹಿಟ್ಟಿನ ಬನ್ಸು, ಅದಕ್ಕೆ ಭಾಜಿ. ಮಿಸಳ್, ಕಲಸಿದ ಅವಲಕ್ಕಿ, ಮೊಸರವಲಕ್ಕಿ, ಶಿರಾ. ಬೆಂಗಳೂರಿನವರು ಕೇಸರಿಬಾತ್ ಎನ್ನುವುದಕ್ಕೆ ಇಲ್ಲಿ ಶಿರಾ ಎಂದೇ ಹೇಳಬೇಕು. ಕನ್ನಡ, ಕೊಂಕಣಿ, ಮರಾಠಿಗಳು ಬೆರೆತ ಈ ತಿಂಡಿಪಟ್ಟಿಯೇ ಊರಿನ ಚರಿತ್ರೆ. ಒಂದು ಕಾಲಕ್ಕೆ ಘಟ್ಟದ ಮೇಲಿನ ಹತ್ತಿ ಇಳಿದು ಬಂದು ಹಡಗು ಏರುತ್ತಿದ್ದ ಬಂದರು ಇದು. ‘ಕುಮಟಾ ಹತ್ತಿ’ ಎಂಬ ಹೆಸರು ವಿದೇಶದ ಮಾರುಕಟ್ಟೆಯಲ್ಲೂ ಓಡಾಡಿತ್ತು. ಬಂದರಿಗೆ ಬಂದವರು ತಮ್ಮ ತಿಂಡಿಯನ್ನೂ ತಂದರು.

ಚಾ, ಕಾಫಿಗಳ ಸಾಲಿನಲ್ಲೇ ಕಷಾಯಕ್ಕೂ ಜಾಗವಿರುವುದು ಈ ಕಡೆಯ ಹೋಟೆಲುಗಳ ವಿಶೇಷ. ಕೊತ್ತಂಬರಿ ಬೀಜ, ಜೀರಿಗೆ ಹುರಿದು ಪುಡಿಮಾಡಿ, ಬೆಲ್ಲವೋ ಸಕ್ಕರೆಯೋ ಹಾಕಿ ಹಾಲಿನಲ್ಲಿ ಕುದಿಸಿದ ಪೇಯ. ಹವ್ಯಕರ ಮನೆಗಳಲ್ಲಿ ಬಂದವರಿಗೆ ಮೊದಲು ಕೇಳುವುದು ‘ಆಸರಿಗೆ ಏನಡ್ಡಿಲ್ಲೆ?’ ಎಂದು. ಆ ಮನೆಯ ಆಸರಿ ಹೋಟೆಲಿನ ಲೋಟಕ್ಕೂ ಬಂತು. ಪರೀಕ್ಷೆಯ ದಿನಗಳಲ್ಲಿ ರಾತ್ರಿ ಓದುವವರಿಗೆ ಇದಕ್ಕಿಂತ ನಿರಪಾಯಕಾರಿ ಪೇಯ ಬೇರೊಂದಿಲ್ಲ. ಅಮ್ಮಂದಿರು ಗಮನಿಸಬಹುದು.

ಏಪ್ರಿಲ್, ಮೇ ತಿಂಗಳಲ್ಲಿ ಹೆದ್ದಾರಿಯ ಬದಿ ನೇತುಹಾಕಿದ ಈರುಳ್ಳಿ ಗೊಂಚಲುಗಳು ಕಣ್ಣಿಗೆ ಬೀಳುತ್ತವೆ. ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿಗಳ ಸಿಹಿ ಈರುಳ್ಳಿ. ಒಣಗಿದ ಸೊಪ್ಪನ್ನು ಜಡೆಯಂತೆ ಹೆಣೆದು ಮಾರುತ್ತಾರೆ. ಖಾರ ಕಡಿಮೆ, ಕೆಡುವುದೂ ತಡ. ಹಸಿಯಾಗಿಯೇ ತಿನ್ನಬಹುದು. ಇನ್ನು ಮೀನೂಟದ ಖಾನಾವಳಿಗೆ ಹೋಗುವವರು ಅಘನಾಶಿನಿಯನ್ನು ನೆನೆಯಬೇಕು. ಆ ನದಿ ಕಡಲು ಸೇರುವ ಅಳಿವೆಯಲ್ಲಿ ಚಿಪ್ಪುಮೀನು ಹೆಕ್ಕುವುದೇ ನೂರಾರು ಕುಟುಂಬಗಳ ಜೀವನ; ಅಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಂಡು ಬೆಳೆಯುವ ‘ಕಗ್ಗ’ ಎಂಬ ಭತ್ತವಿದೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು. ಜೀವಶಾಸ್ತ್ರದ ವಿದ್ಯಾರ್ಥಿ ಪುಸ್ತಕದಲ್ಲಿ ಓದುವ ಪರಿಸರ ವ್ಯವಸ್ಥೆ ಮಧ್ಯಾಹ್ನದ ಬಟ್ಟಲಲ್ಲೇ ಕುಳಿತಿರುತ್ತದೆ ಎನ್ನಿ!

ಮೀನೂಟಕ್ಕೊಂದು ಪಂಚಾಂಗವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ದೊಡ್ಡ ಮೀನುಗಳ ಹೆಸರು ಹಲಗೆಯ ಮೇಲೆ ಧಾರಾಳವಾಗಿ ಕಂಡರೆ ಅದು ಎಲ್ಲಿಂದ ಬಂತೆಂದು ಕೇಳಬೇಕು. ‘ಇವತ್ತು ಒಣಮೀನು ಮಾತ್ರ’ ಎನ್ನುವ ಖಾನಾವಳಿಯನ್ನು ನಂಬಬಹುದು.

ಇಬ್ನ್ ಬತೂತಾ ಉಂಡ ಊಟ

ಹೊನ್ನಾವರದ ಊಟದ ಬಗ್ಗೆ ಬರೆದವರಲ್ಲಿ ಬಲು ಹಿರಿಯ ಎಂದರೆ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ. 1340ರ ದಶಕದಲ್ಲಿ ಇಲ್ಲಿಗೆ ಬಂದು, ಊರನ್ನಾಳುತ್ತಿದ್ದ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದವನು. ಅವನ ಪ್ರವಾಸಕಥನದಲ್ಲಿ ಆ ಊಟದ ವಿವರ ಎಷ್ಟು ನಿಖರವಾಗಿದೆಯೆಂದರೆ, ಓದಿದವರಿಗೆ ಹಸಿವಾಗುತ್ತದೆ. ತಾಮ್ರದ ತಟ್ಟೆ, ದೊಡ್ಡ ಸೌಟಿನಿಂದ ಅನ್ನ, ಅದರ ಮೇಲೆ ತುಪ್ಪ, ಬದಿಗೆ ಉಪ್ಪಿನಕಾಯಿ ಹಾಕಿದ ಮೆಣಸು, ಹಸಿಶುಂಠಿ, ನಿಂಬೆ, ಮಾವು. ಅನ್ನ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಬೇರೆ ಬೇರೆ ಪದಾರ್ಥ. ಕೋಳಿ, ಮೀನು, ತುಪ್ಪದಲ್ಲಿ ಬೇಯಿಸಿದ ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದೇ ಅರ್ಥ. ಆಮೇಲೆ ಬಿಸಿನೀರು– ಮಳೆಗಾಲದಲ್ಲಿ ತಣ್ಣೀರು ಕೆಡುಕು ಮಾಡುತ್ತದೆಂದು.

ಸುಮಾರು ಏಳು ಶತಮಾನ ಕಳೆದರೂ ಈ ಕ್ರಮ ಬದಲಾಗಿಲ್ಲ. ಶರಾವತಿಯ ದಡದ ಈ ಊರಿನ ಊಟದ ಹೋಟೆಲಿನಲ್ಲಿ ಇಂದು ಮಧ್ಯಾಹ್ನ ಕುಳಿತರೂ ಉಪ್ಪಿನಕಾಯಿ ಮೊದಲು, ಮಜ್ಜಿಗೆ ಕೊನೆಗೆ. ತಾಮ್ರದ ತಟ್ಟೆಯ ಜಾಗಕ್ಕೆ ಸ್ಟೀಲು ಬಂದಿದೆ, ಅಷ್ಟೆ. ರೊಟ್ಟಿಯಿಲ್ಲದೆ ಅನ್ನ ಮಾತ್ರ ತಿಂದು ತಿಂದು ಆ ಪ್ರವಾಸಿಗೆ ಸಾಕಾಗಿದ್ದೂ ಉಂಟು. ಬಯಲುಸೀಮೆಯಿಂದ ಬಂದು ಕುಚಲಕ್ಕಿ ಅನ್ನದ ಮುಂದೆ ಪೆಚ್ಚಾಗಿ ಕುಳಿತ ಹಾಸ್ಟೆಲ್ ಹುಡುಗರಿಗೆ ಅವನು ಹಿರಿಯಣ್ಣ.

ಅಂದ ಹಾಗೆ, ಅದೇ ಬತೂತಾ ಇನ್ನೊಂದು ಮಾತನ್ನೂ ದಾಖಲಿಸಿದ್ದಾನೆ: ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಶಾಲೆಗಳಿದ್ದವು, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದು. ಊಟ, ಓದು ಎರಡರಲ್ಲೂ ಹೆಸರು ಮಾಡಿದ್ದ ಊರು.

ಭಟ್ಕಳದ ಈರುಳ್ಳಿ

ಭಟ್ಕಳವೆಂದರೆ ಹುಬ್ಬು ಗಂಟಿಕ್ಕುವ ಪಾಲಕರು ಇನ್ನೂ ಇದ್ದಾರೆ. 1993ರಲ್ಲಿ ತಿಂಗಳುಗಟ್ಟಲೆ ನಡೆದ ಕೋಮುಗಲಭೆಯ ನಂತರ ಊರಿನ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಕೆಟ್ಟ ಸುದ್ದಿಯ ಜತೆಗೇ. ಆದರೆ 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಸಂಸ್ಥೆಯ ಕಾಲೇಜುಗಳಿಗೆ ಓದಲು ಬರುವವರಿಗೆ ಈ ಊರಿನ ಇನ್ನೊಂದು ಮುಖ ಸಿಗುವುದು ತಟ್ಟೆಯ ಮುಂದೆ.

ಇಲ್ಲಿನ ನವಾಯತರು ಅರಬ್ ವ್ಯಾಪಾರಿಗಳ ಪರಂಪರೆಯನ್ನು ಹೇಳಿಕೊಳ್ಳುವವರು. ಮನೆಮಾತು ಕೊಂಕಣಿಗೆ ಹತ್ತಿರದ, ಅರಬ್ಬಿ, ಪಾರಸಿ ಪದಗಳು ಬೆರೆತ ನವಾಯತಿ. ಅವರ ಅಡುಗೆಮನೆಯಿಂದ ಹೊರಬಂದದ್ದು ಭಟ್ಕಳದ ಬಿರಿಯಾನಿ. ಹೈದರಾಬಾದಿನದಕ್ಕೂ ಇದಕ್ಕೂ ನೆಂಟಸ್ತಿಕೆ ದೂರದ್ದು. ಇದರ ಜೀವ ಇರುವುದು ಈರುಳ್ಳಿಯಲ್ಲಿ. ರಾಶಿ ಈರುಳ್ಳಿಯನ್ನು ತಾಳ್ಮೆಯಿಂದ ಬಾಡಿಸಿ, ಅದು ಕರಗಿ ಮಸಾಲೆಯೇ ಆಗಿಬಿಡುವವರೆಗೆ ಬೇಯಿಸಬೇಕು. ಮಾಂಸ ಅದರೊಳಗೆ ಬೇಯುತ್ತದೆ. ಅಕ್ಕಿ ಬೇರೆ ಪಾತ್ರೆಯಲ್ಲಿ. ಆಮೇಲೆ ಮಸಾಲೆಯ ಮೇಲೆ ಅನ್ನ ಹರಡಿ ದಮ್ ಹಾಕುತ್ತಾರೆ. ಮೇಲಿನದನ್ನಷ್ಟೇ ತಿಂದು ‘ಸಪ್ಪೆ’ ಎಂದವರು ತಳಕ್ಕೆ ಕೈಹಾಕಿಲ್ಲವೆಂದು ತಿಳಿಯಬೇಕು. ಅಕ್ಕಿಯ ಬದಲು ಶಾವಿಗೆ ಹಾಕಿ ಮಾಡುವ ಬಿರಿಯಾನಿಯೂ ಉಂಟು. ಅದು ಹೋಟೆಲಿಗಿಂತ ಹೆಚ್ಚಾಗಿ ಮನೆಯ ತಿನಿಸು. ಸಹಪಾಠಿಯ ಮನೆಯಿಂದ ಕರೆ ಬಂದರೆ ಬಿಡಬಾರದು.

ಎಲ್ಲರೂ ಎಲ್ಲೆಡೆ ಉಣ್ಣುತ್ತಾರೆ ಎಂದರೆ ಅದು ಸುಳ್ಳಾದೀತು. ಕೆಲವರು ಕೆಲವು ಹೊಸ್ತಿಲು ದಾಟುವುದಿಲ್ಲ. ಸಸ್ಯಾಹಾರಿಗಳಿಗೆ ಅವರದೇ ಆದ ಹೋಟೆಲುಗಳು ಮೂರೂ ಊರುಗಳಲ್ಲಿವೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೂ ಚಾ ಅಂಗಡಿಯ ಬೆಂಚು ಎಲ್ಲರದು. ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಲ್ಯಾಬ್ ರೆಕಾರ್ಡನ್ನು ನಾಲ್ಕು ಮನೆಮಾತಿನ ಹುಡುಗರು ನಕಲು ಮಾಡುವ ದೃಶ್ಯವನ್ನು ಯಾವ ಸುದ್ದಿಪತ್ರಿಕೆಯೂ ಮುಖಪುಟದಲ್ಲಿ ಹಾಕುವುದಿಲ್ಲ.

ಅಪ್ಪ ಅಮ್ಮ ನೋಡಬೇಕಾದ್ದು

ಒಳ್ಳೆಯ ಹೋಟೆಲನ್ನು ಗುರುತಿಸುವುದು ಹೇಗೆ? ಬಸ್ಸಿನ ಡ್ರೈವರು, ಕಂಡಕ್ಟರುಗಳು ಎಲ್ಲಿ ಉಣ್ಣುತ್ತಾರೆಂದು ನೋಡಬೇಕು ಎಂಬುದು ಹಳೆಯ ಸೂತ್ರ, ಪೂರ್ತಿ ನಂಬುವಂತಿಲ್ಲ. ಅದಕ್ಕಿಂತ ಒಳ್ಳೆಯ ಗುರುತು, ತಿಂಡಿ ಖಾಲಿಯಾಗುವುದು. ಹತ್ತು ಗಂಟೆಗೆ ‘ಬನ್ಸು ಆಯ್ತು’ ಎನ್ನುವ ಕಡೆ ನಿನ್ನೆಯದು ಇಂದು ಬರುವುದಿಲ್ಲ. ಕುಡಿಯುವ ನೀರು ಕುದಿಸಿದ್ದೇ, ಬಾಣಲೆಯ ಎಣ್ಣೆ ಕಪ್ಪಾಗಿದೆಯೇ, ಕೈತೊಳೆಯುವಲ್ಲಿ ಸಾಬೂನಿದೆಯೇ– ಈ ಮೂರನ್ನು ನೋಡಲು ಎರಡು ನಿಮಿಷ ಸಾಕು. ಆಹಾರ ಸುರಕ್ಷತೆಯ ನೋಂದಣಿ ಪತ್ರವನ್ನು ಗೋಡೆಗೆ ಹಾಕಿರಬೇಕೆಂಬುದು ಈಗಿನ ನಿಯಮ. 14 ಅಂಕಿಯ ಸಂಖ್ಯೆ ಅದರಲ್ಲಿರುತ್ತದೆ.

ಬಡಿಸುವವರನ್ನೂ ನೋಡಬೇಕು. ಈ ಕರಾವಳಿಯಲ್ಲಿ ‘ಮಾಣಿ’ ಎಂದರೆ ಮನೆಮಗನೂ ಹೌದು, ಹೋಟೆಲಿನಲ್ಲಿ ಲೋಟ ಎತ್ತುವವನೂ ಹೌದು. ಹಿಂದೆ ಶಾಲೆ ಬಿಟ್ಟ ಎಷ್ಟೋ ಎಳೆಯರು ಮುಂಬಯಿಗೆ ಹೋಗಿ ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. ಬರಲಾಗದೆ ಉಳಿದವರ ಲೆಕ್ಕ ಯಾರೂ ಇಟ್ಟಿಲ್ಲ. 14 ವರ್ಷದೊಳಗಿನವರನ್ನು ಹೋಟೆಲು, ಚಾ ಅಂಗಡಿಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರಿನಲ್ಲಿ ನಿಷೇಧಿಸಲಾಯಿತು. ತನ್ನ ಮಗನಿಗಿಂತ ಚಿಕ್ಕವನೊಬ್ಬ ಮೇಜು ಒರೆಸುತ್ತಿದ್ದರೆ ಅಲ್ಲಿಂದ ಎದ್ದು ಬರುವುದೇ ಸರಿ, ಬನ್ಸು ಎಷ್ಟೇ ಮೆತ್ತಗಿರಲಿ.

ಇನ್ನು ಉಳಿದದ್ದು ರಸ್ತೆಯ ಸಂಗತಿ. ಹಿಂದೆ ಹದಿನೇಳು ಎಂದು ಕರೆಸಿಕೊಳ್ಳುತ್ತಿದ್ದ ರಾಷ್ಟ್ರೀಯ ಹೆದ್ದಾರಿ ಈಗ 66. ಅದು ಚತುಷ್ಪಥವಾಗುವ ಕೆಲಸದಲ್ಲಿ ಬದಿಯ ಕಟ್ಟಡಗಳು ಮುಂಭಾಗ ಕಳೆದುಕೊಂಡವು, ಕೆಲವು ಪೂರ್ತಿಯೇ ಹೋದವು. ಹೆಂಚಿನ ಮಾಡಿನ ಚಾ ಅಂಗಡಿಗೆ ಪರಿಹಾರ ಸಿಕ್ಕಿದರೂ ಗಿರಾಕಿ ಸಿಗಬೇಕಲ್ಲ? ವೇಗದ ರಸ್ತೆಯಲ್ಲಿ ಯಾರೂ ಅರ್ಧ ಚಾ ಕುಡಿಯಲು ನಿಲ್ಲುವುದಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದಾಗಲೇ ರಾತ್ರಿ ಬಸ್ಸಿನ ಪ್ರಯಾಣಿಕರನ್ನು ನೆಚ್ಚಿದ್ದ ಹೋಟೆಲುಗಳಿಗೆ ಮೊದಲ ಏಟು ಬಿದ್ದಿತ್ತು. ಮಕ್ಕಳು ಎಂಜಿನಿಯರಾದರು, ಅಡುಗೆಯವರು ಸಿಗುವುದಿಲ್ಲ, ಒಲೆಯ ಮುಂದೆ ನಿಲ್ಲಲು ಮಂಡಿ ಒಪ್ಪುವುದಿಲ್ಲ. ಇಂಥ ಹೋಟೆಲು ಒಂದು ಸೋಮವಾರ ಬಾಗಿಲು ತೆರೆಯದೇ ಉಳಿದುಬಿಟ್ಟರೆ ಸುದ್ದಿಯಾಗುವುದು ಅಲ್ಲಿ ಲೆಕ್ಕ ಇಟ್ಟಿದ್ದವರಿಗೆ ಮಾತ್ರ.

ಲೆಕ್ಕವೂ ಬದಲಾಗಿದೆ. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆಯ ಕೆಳಗೇ ಕ್ಯೂಆರ್ ಕೋಡಿನ ಚೌಕ ಅಂಟಿಕೊಂಡಿದೆ. ಅಪ್ಪನ ಖಾತೆಯಿಂದ ಫೋನಿನಲ್ಲಿ ಹಣ ಕೊಡುವ ಹುಡುಗರು ಒಂದನ್ನು ಮರೆಯುತ್ತಾರೆ– ದಿನಕ್ಕೆ ಎಷ್ಟು ಚಾ, ಎಷ್ಟು ಗಂಟೆಗೆ, ಯಾವ ಅಂಗಡಿಯಲ್ಲಿ ಎಂಬುದೆಲ್ಲ ಊರಿನಲ್ಲಿ ಕುಳಿತ ಅಪ್ಪನಿಗೆ ತಿಳಿದುಹೋಗುತ್ತದೆ! ಹಳೆಯ ಉದ್ರಿ ಪುಸ್ತಕ ಅಷ್ಟು ಬಾಯಿಬಡುಕ ಆಗಿರಲಿಲ್ಲ. ಅಂಥ ಪುಸ್ತಕ ಇಟ್ಟ ಗಲ್ಲೆಗಳು ಮೂರೂ ಊರುಗಳಲ್ಲಿ ಅಲ್ಲಲ್ಲಿ ಉಳಿದಿವೆ. ಮನೆಯಿಂದ ಹಣ ಬರುವುದು ತಡವಾದ ತಿಂಗಳಲ್ಲಿ ಹುಡುಗ ಬಾಗಿಲಲ್ಲಿ ಅನುಮಾನಿಸುತ್ತ ನಿಂತರೆ, ಗಲ್ಲೆಯವರು ಪುಸ್ತಕದಿಂದ ತಲೆಯೆತ್ತದೆಯೇ ಒಳಗೆ ಕೂಗುತ್ತಾರೆ: ‘ಒಂದು ಊಟ ಹಾಕು.’