ಬಳಕೆಯಿಂದ ರೂಪಕ್ಕೆ: ಜಪಾನಿನ ಆಧುನಿಕ ಮೃಣ್ಮಯ ಶಿಲ್ಪ

ಕರಕುಶಲ ವಸ್ತುವಿನ ಸೌಂದರ್ಯ ಅದರ ಬಳಕೆಯಲ್ಲಿದೆಯೇ, ರೂಪದಲ್ಲಿದೆಯೇ ಎಂಬುದು ಜಾನಪದ ಅಧ್ಯಯನದ ಮೂಲಭೂತ ಪ್ರಶ್ನೆಗಳಲ್ಲೊಂದು. ಇಪ್ಪತ್ತನೆಯ ಶತಮಾನದ ಜಪಾನಿನಲ್ಲಿ ಈ ಪ್ರಶ್ನೆಗೆ ಎರಡು ಭಿನ್ನ ಉತ್ತರಗಳು ದೊರೆತವು. ಯಾನಾಗಿ ಸೋಯೆತ್ಸು (1889-1961) ಮತ್ತು ಅವರ ಸಂಗಡಿಗರು 1925ರಲ್ಲಿ ‘ಮಿಂಗೇ’, ಅಂದರೆ ಜನಸಾಮಾನ್ಯರ ಕರಕುಶಲ ಕಲೆ, ಎಂಬ ಪರಿಕಲ್ಪನೆಯನ್ನು ರೂಪಿಸಿದರು. ಹೆಸರಿಲ್ಲದ ಕುಶಲಕರ್ಮಿ ನಿತ್ಯದ ಬಳಕೆಗೆಂದು ಮಾಡಿದ ವಸ್ತುವಿನಲ್ಲಿಯೇ ನಿಜವಾದ ಚೆಲುವಿದೆ ಎಂಬುದು ಅವರ ನಿಲುವು. 1936ರಲ್ಲಿ ಟೋಕಿಯೋದಲ್ಲಿ ಆರಂಭವಾದ ಜಾನಪದ ಕರಕುಶಲ ವಸ್ತುಸಂಗ್ರಹಾಲಯ ಈ ಚಿಂತನೆಯ ಫಲ.

ಎರಡನೆಯ ಉತ್ತರ ಹುಟ್ಟಿದ್ದು ಕ್ಯೋಟೋದ ಕುಂಬಾರ ಮನೆತನಗಳ ನಡುವೆ. ಯಾಗಿ ಕಾಜುವೊ (1918-1979), ಸುಜುಕಿ ಒಸಾಮು, ಯಾಮಾದಾ ಹಿಕಾರು ಮೊದಲಾದವರು 1948ರಲ್ಲಿ ‘ಸೋದೇಯ್‌ಶಾ’ ಬಳಗವನ್ನು ಕಟ್ಟಿದರು. ಕೆಸರಿನಲ್ಲಿ ಎರೆಹುಳು ಹರಿದ ಜಾಡಿನಂತೆ ಕಾಣುವ, ಚೀನೀ ಪಾತ್ರೆಗಳ ಮೆರುಗಿನಲ್ಲಿ ಮೂಡುವ ಗೆರೆಯೊಂದರ ಹೆಸರೇ ಈ ಬಳಗದ ಹೆಸರಾಯಿತು. ಯಾಗಿಯವರ ‘ಸಾಮ್ಸಾನ ನಡಿಗೆ’ (1954) ಈ ಮಾರ್ಗದ ಮಹತ್ವದ ಕೃತಿ. ಕಾಫ್ಕಾನ ಕಥಾನಾಯಕನ ಹೆಸರು ಹೊತ್ತ ಈ ಶಿಲ್ಪದಲ್ಲಿ ಮಣ್ಣಿನ ಬಳೆಯೊಂದು ನೆಟ್ಟಗೆ ನಿಂತಿದೆ. ಅದರ ಸುತ್ತ ಪುಟ್ಟ ಕೊಳವೆಗಳು ಮೂಡಿವೆ. ಇದರಲ್ಲಿ ನೀರು ತುಂಬಲಾಗದು, ಹೂವಿಡಲಾಗದು. ಆದರೆ ಬಳೆಯೂ ಕೊಳವೆಗಳೂ ತಿಗರಿಯ ಮೇಲೆಯೇ ರೂಪುಗೊಂಡವು ಎಂಬುದು ಗಮನಾರ್ಹ. ಪಾತ್ರೆ ಇಲ್ಲವಾಯಿತು, ಪಾತ್ರೆ ಮಾಡುವ ಕೈಯ ಅರಿವು ಉಳಿಯಿತು.

ಇಂತಹ ಶಿಲ್ಪಗಳ ಸರಳತೆ ಸುಲಭಸಾಧ್ಯವಲ್ಲ. ಒಣಗುವಾಗ ಮತ್ತು ಸುಡುವಾಗ ಜೇಡಿಮಣ್ಣು ಕುಗ್ಗುತ್ತದೆ. ಗೋಡೆಯ ದಪ್ಪ ಒಂದೇ ಸಮನಾಗಿಲ್ಲದಿದ್ದರೆ ಬಿರುಕು ಬಿಡುತ್ತದೆ. ಸುತ್ತಲೂ ಮುಚ್ಚಿದ ಟೊಳ್ಳು ರೂಪಕ್ಕೆ ಗಾಳಿ ಮತ್ತು ಹಬೆ ಹೊರಹೋಗಲು ಸಣ್ಣ ರಂಧ್ರವಿಡಬೇಕು. ಇಲ್ಲವಾದರೆ ಆವಿಗೆಯಲ್ಲಿ ಒಡೆಯುವ ಅಪಾಯವಿದೆ. ಚಿತ್ತಾರವಿಲ್ಲದ ಮೈಯಲ್ಲಿ ದೋಷವನ್ನು ಮರೆಮಾಚಲು ಎಡೆಯಿಲ್ಲ. ಯಾಗಿಯವರು ಮುಂದೆ ಕೈಗೊಂಡ ಕಪ್ಪು ಮೃಣ್ಮಯ ಕೃತಿಗಳಲ್ಲಿ ಮೆರುಗಿನ ಲೇಪವೂ ಇಲ್ಲ. ಉಜ್ಜಿ ನಯಗೊಳಿಸಿದ ಮಣ್ಣು ಹೊಗೆಯ ಇಂಗಾಲವನ್ನು ಹೀರಿ ಕಪ್ಪಾಗುತ್ತದೆ.

ಈ ಮಿತವ್ಯಂಜನೆಗೆ ಜಪಾನಿನಲ್ಲಿ ಹಳೆಯ ಬೇರುಗಳಿವೆ. ಹದಿನಾರನೆಯ ಶತಮಾನದಲ್ಲಿ ಚಹಾಗುರು ಸೆನ್ ನೋ ರಿಕ್ಯೂ ಅವರ ಅಭಿರುಚಿಗೆ ತಕ್ಕಂತೆ ಚೋಜಿರೋ ತಿಗರಿಯಿಲ್ಲದೆ, ಕೈಯಿಂದಲೇ ತಿದ್ದಿದ ರಾಕು ಬಟ್ಟಲುಗಳಲ್ಲಿ ‘ವಾಬಿ’ ಎಂಬ ಬಡತನದ ಚೆಲುವು ನೆಲೆಗೊಂಡಿತ್ತು. ಆದರೆ ಆ ಬಟ್ಟಲು ತುಟಿಗೆ ತಾಗುವಂಥದು. ಸೋದೇಯ್‌ಶಾದ ಶಿಲ್ಪ ನೋಟಕ್ಕಷ್ಟೇ ಒದಗುವಂಥದು. ಮಿಂಗೇ ಎತ್ತಿಹಿಡಿದ ಅನಾಮಿಕತೆಯೂ ಇಲ್ಲಿಲ್ಲ, ಕಲಾವಿದನ ಹೆಸರೇ ಮುಂದಿದೆ. ಇದು ಸಣ್ಣ ನಷ್ಟವಲ್ಲ.

ಸೋದೇಯ್‌ಶಾ 1998ರಲ್ಲಿ ವಿಸರ್ಜನೆಗೊಂಡಿತು. ಬಳಕೆ ಅಳಿದ ಮೇಲೂ ಕಸುಬಿನ ತಿಳಿವಳಿಕೆ ಬೇರೊಂದು ರೂಪದಲ್ಲಿ ಬದುಕಬಲ್ಲದೆಂಬುದನ್ನು ಅದರ ಐವತ್ತು ವರ್ಷಗಳ ಇತಿಹಾಸ ತೋರಿಸುತ್ತದೆ. ವಸ್ತುವನ್ನು ಸಂಗ್ರಹಿಸುವ ಜಾನಪದ ವಿದ್ವಾಂಸರು ಅದನ್ನು ಮಾಡಿದ ಕೈಯ ಚಲನೆಯನ್ನೂ ದಾಖಲಿಸಬೇಕಾದ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ.